ಊದುಬತ್ತಿ ಹಚ್ಚಿಕೊಂಡು ಬಂಕಿಗೆ

ಕತ್ರಿಗುಪ್ಪೆ, ಬೆಂಗಳೂರು
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಸತ್ಯಾ,

ನಿನ್ನ ಮಂಡಿನೋವು ಹೇಗಿದೆ? ಮಗಳ ಬಾಣಂತನದ ಭರದಲ್ಲಿ ನಿನ್ನ ಮಾತ್ರೆ ಮರೆಯಬೇಡ. ಶುಭಾ, ಹೊಸ ಕೂಸು ಇಬ್ಬರೂ ಕ್ಷೇಮವೆಂದು ಕೇಳಿ ನೆಮ್ಮದಿಯಾಯಿತು. ಇಲ್ಲಿ ಶುಭಾಳ ದೊಡ್ಡ ಮಗಳು ಇಂಚರ ನನ್ನ ಉಪ್ಪಿಟ್ಟಿಗೆ ಮೂಗು ಮುರಿಯುತ್ತಾಳೆ, ಆದರೂ ತಿನ್ನುತ್ತಾಳೆ. ದಿನಾ ಫೋನಿನಲ್ಲಿ ಮಾತಾಡುತ್ತಿದ್ದರೂ ಒಂದು ವಿಷಯ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ನೀನು ಹೇಳಿಹೋದ ಹಾಗೆ ಶುಕ್ರವಾರ ಕಾರಿಗೆ ಪೂಜೆ ಮಾಡಿದೆ. ಡ್ಯಾಶ್‌ಬೋರ್ಡಿನ ಗಣಪನಿಗೆ ಹೂ ಏರಿಸಿ, ಎರಡು ಊದುಬತ್ತಿ ಹಚ್ಚಿ, ಅವು ಉರಿಯುತ್ತಿರುವಾಗಲೇ ಹೊರಟೆ. ಪೆಟ್ರೋಲ್ ಮುಗಿಯುತ್ತ ಬಂದಿತ್ತು. ಸೀದಾ ಬಂಕಿಗೆ ನುಗ್ಗಿದೆ. ಇಂಜಿನ್ ಆರಿಸಿರಲಿಲ್ಲ, ಕಿವಿಯಲ್ಲಿ ಫೋನು ಬೇರೆ. ಅಲ್ಲಿ ಪೆಟ್ರೋಲ್ ಹಾಕುವ ಇಂದ್ರಾಣಿ ಗೊತ್ತಲ್ಲ, ನಿನ್ನನ್ನು ಆಂಟಿ ಆಂಟಿ ಎಂದು ಮಾತಾಡಿಸುವವಳು, ಪೈಪು ಮುಟ್ಟಲೇ ಇಲ್ಲ. "ಸಾರ್, ತಲೆ ಕೆಟ್ಟಿದ್ಯಾ? ಆಫ್ ಮಾಡಿ ಮೊದ್ಲು!" ಎಂದು ಕೂಗಿ, ಕಿಟಕಿಯೊಳಗೆ ಕೈಹಾಕಿ ಊದುಬತ್ತಿ ಕಿತ್ತುಕೊಂಡು ದೂರದ ಮರಳಿನ ಬಕೆಟ್ಟಿಗೆ ಚುಚ್ಚಿಬಂದಳು.

ಹತ್ತು ಜನರ ಮುಂದೆ ಮಾನ ಹೋಯಿತು ಅನ್ನಿಸಿತು. ಮೂವತ್ತು ವರ್ಷ ಗಾಡಿ ಓಡಿಸಿದ ನನಗೇ ಬುದ್ಧಿ ಹೇಳುವುದೇ? ದೇವರಿಗೆ ಅವಮಾನ ಮಾಡಿದಳೆಂದು ಮ್ಯಾನೇಜರ್ ವಿಜಯಕುಮಾರ್‌ಗೆ ದೂರು ಬರೆದುಕೊಟ್ಟೆ. ನಿನ್ನೆ ಹೋದಾಗ ಅವಳಿರಲಿಲ್ಲ. "ನಿಮ್ ಕಂಪ್ಲೇಂಟ್ ಸಾರ್, ಇನ್ಮೇಲೆ ಕೆಲ್ಸಕ್ಕೆ ಬರಬೇಡ ಅಂದ್ರು ಅವ್ಳಿಗೆ," ಎಂದ ಪಕ್ಕದ ಪಂಪಿನ ಬೈರಣ್ಣ. ಆಮೇಲೆ ಮೆಲ್ಲಗೆ, "ಪೆಟ್ರೋಲ್ ಕಣ್ಣಿಗೆ ಕಾಣ್ಸೋದು ಪೈಪಲ್ಲಿ, ಹತ್ಕೊಳ್ಳೋದು ಗಾಳೀಲಿ ಸಾರ್. ಒಂದ್ ಕಿಡಿ ಸಾಕು," ಎಂದ.

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ದೀಪ ಹಚ್ಚಬೇಡವೆಂದು ನಿನಗೆ ಪಾಠ ಹೇಳುವವನು ನಾನೇ. ಕಾರಿನಲ್ಲಿ ದೇವರಿದ್ದಾನೆ ಎಂಬ ಧೈರ್ಯದಲ್ಲಿ ಆ ಬುದ್ಧಿಯನ್ನು ಮನೆಯಲ್ಲೇ ಬಿಟ್ಟುಹೋಗಿದ್ದೆ. ನಾಚಿಕೆಯಾಗಿದೆ ಸತ್ಯಾ. ದುಡಿದು ತಿನ್ನುವ ಹೆಣ್ಣುಮಗಳ ಕೆಲಸ ಕಳೆದೆ. ಇನ್ನು ಮೇಲೆ ಬತ್ತಿ ಪೂರ್ತಿ ಆರಿದ ಮೇಲೆಯೇ ಗಾಡಿ ತೆಗೆಯುವುದು. ಬಂಕಿನೊಳಗೆ ಫೋನು ಜೇಬಿನಲ್ಲೇ ಇರಲಿ.

ಶುಭಾಗೂ ಕೂಸಿಗೂ ನನ್ನ ಆಶೀರ್ವಾದ. ಅಳಿಯ ವಸಿಷ್ಠನನ್ನು ಕೇಳಿದೆನೆಂದು ಹೇಳು.

ನಿನ್ನ
ಗುಂಡಣ್ಣ

ಮರೆತಿದ್ದೆ ಎಂದರೆ ಸುಳ್ಳಾದೀತು, ಬರೆಯಲು ಹೆದರಿದ್ದೆ: ಆ ದಿನ ಹಿಂದಿನ ಸೀಟಿನಲ್ಲಿ ಇಂಚರ ಮಲಗಿದ್ದಳು. ಇಂದ್ರಾಣಿ ಮೊದಲು ನೋಡಿದ್ದು ಅವಳನ್ನು, ಕೂಗಿದ್ದೂ ಅದಕ್ಕೇ. ದೂರಿನಲ್ಲಿ ನಾನು ಅದನ್ನು ಬರೆಯಲಿಲ್ಲ. ನಾಳೆ ಬೆಳಿಗ್ಗೆ ಮಗುವಿನ ಕೈ ಹಿಡಿದುಕೊಂಡೇ ಮ್ಯಾನೇಜರ್ ಮುಂದೆ ನಿಂತು ಹೇಳುತ್ತೇನೆ. ಶುಭಾಗೆ ನೀನೇ ತಿಳಿಸು, ಬೈದರೆ ಬೈಯಲಿ.