ಜಾಡಿಗಳ ಜಾಗ

ತೆರಾಯಿ, ಡಿಸೆಂಬರ್ ೨೭

ಅಕ್ಕಾ,
ವರ್ಷದ ಕೊನೆಯ ಗುಡಿಸಿ ಒರೆಸುವ ಗಡಿಬಿಡಿಯಲ್ಲಿ, ನನಗೆ ಪಿಂಗಾಣಿ ಚಿತ್ರ ಕಲಿಸುವ ಮೇಷ್ಟ್ರ ಚೀಟಿಯಿಲ್ಲದ ಬಣ್ಣದ ಜಾಡಿಗಳನ್ನು ನಾನು ಎತ್ತರ ನೋಡಿ ಜೋಡಿಸಿಬಿಟ್ಟಿದ್ದೆ. ಭಟ್ಟಿಯಲ್ಲಿ ಸುಡುವ ಮೊದಲು ಎಲ್ಲ ಬಣ್ಣವೂ ಮಂಕು, ಯಾರಿಗೂ ಗೊತ್ತಾಗಲಿಲ್ಲ. ಇವತ್ತು ಭಟ್ಟಿ ತೆರೆದರೆ, ಮೇಷ್ಟ್ರು ಬಳಿದ ಪಿಂಗಾಣಿ ತಟ್ಟೆಯಲ್ಲಿ ನೇರಳೆಯಾಗಬೇಕಿದ್ದ ಐರಿಸ್ ಹೂವೆಲ್ಲ ಹಸಿರು, ಎಲೆಯೆಲ್ಲ ನೇರಳೆ!

ಮೇಷ್ಟ್ರು ತಟ್ಟೆಯನ್ನು ಬೆಳಕಿಗೆ ಹಿಡಿದು, “ನೋಡಮ್ಮಾ ಮಿನಾಹೊ, ಎಲೆಯ ಹಸಿರು ಎಷ್ಟು ಚೆನ್ನಾಗಿ ಬಂದಿದೆ!” ಎಂದರು.

ಅವರ ಹೆಂಡತಿ ನನ್ನ ತೋಳು ಚಿವುಟಿ, “ಹೂಂ ಅನ್ನೇ! ಅವರಿಗೆ ಬಣ್ಣ ತಿಳಿಯಲ್ಲ. ನಲವತ್ತು ವರ್ಷದಿಂದ ಜಾಡಿ ಜಾಗ ನೋಡ್ಕೊಂಡೇ ಬಳೀತಿದಾರೆ,” ಎಂದು ಪಿಸುಗುಟ್ಟಿದರು.

ಹೂಂ ಅಂದೆ.

ನನ್ನ ಕೆಮ್ಮು ವಾಸಿಯಾಗಿದೆ. ಓದಿದ ಕೂಡಲೇ ಈ ಕಾಗದ ಹರಿದುಹಾಕು. ನಾಳೆಯಿಂದ ಜಾಡಿಗಳನ್ನು ಹಳೆಯ ಜಾಗದಲ್ಲೇ ಜೋಡಿಸುವುದು ನನ್ನ ಕೆಲಸವಂತೆ.

ನಿನ್ನ ತಂಗಿ ಮಿನಾಹೊ