ಕುರಿಯ ಒಪ್ಪಿಗೆ

ನನ್ನ ಗುರು ದ್ಯಾವಣ್ಣನಿಗೆ,

ಪಶುವೈದ್ಯೆ ಎಂದು ನನಗೆ ಕಾಗದ ಕೊಟ್ಟವರು ಬೇರೆ, ಕುರಿಯ ಭಯ ಹೇಗಿರುತ್ತದೆ ಎಂದು ತೋರಿಸಿದವರು ನೀವು. ಅದಕ್ಕೇ ಈ ಸುದ್ದಿಯನ್ನು ನಾನೇ ಹೇಳಬೇಕು.

ಮೊದಲ ದಿನ ನೆನಪಿದೆಯೇ? ಮಾಂಸಕ್ಕೆ ಹೊಡೆಯುವ ಸೀಲು ಹಿಡಿದು ಪಟ್ಟಣದ ಕಸಾಯಿಖಾನೆಗೆ ಬಂದರೆ, ನೀವು ಚಾಕುವನ್ನು ಬೆನ್ನ ಹಿಂದೆ ಹಿಡಿದು ಸುಮ್ಮನೆ ನಿಂತಿದ್ದಿರಿ. ಬಯಲುಸೀಮೆಯಿಂದ ಲಾರಿಯಲ್ಲಿ ಬಂದ ಎಂಟು ಕುರಿ ಹೊರಗಿದ್ದವು. "ಎಂತಕ್ಕೆ ಕಾಯ್ತಿದೀರಿ?" ಅಂದೆ. "ಮೆಲುಕು ಹಾಕ್ಲಿ ಡಾಕ್ಟ್ರಮ್ಮ. ಹೆದರಿದ್ದು ಮೆಲುಕು ಹಾಕಲ್ಲ." ತಿಂಡಿ ತಿನ್ನದೆ ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ನೀವು ಒಂದು ಗಂಟೆ ಕಾಯಿಸಿದಿರಿ. ಒಂದರ ಸಾವು ಇನ್ನೊಂದಕ್ಕೆ ಕಾಣಬಾರದೆಂದು ಒಳಗೆ ಗೋಣಿಯ ಪರದೆ ಕಟ್ಟಿದ್ದೂ ನೀವೇ.

ನೆಮ್ಮಾರಿನ ಕಡೆ ಒಂದು ಹರಕೆಗೆ ನಿಮ್ಮ ಜೊತೆ ಬಂದಿದ್ದೆ. ಕುರಿಯ ತಲೆಗೆ ನೀರು ಚಿಮುಕಿಸಿ, ಮೈ ಜಾಡಿಸಿದರೆ ಒಪ್ಪಿಗೆ ಸಿಕ್ಕಿತೆಂದು ಎಲ್ಲರೂ ಕಾದರು. ಜಾಡಿಸಿತು. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ನೀವು ಹೇಳಿದಿರಿ: "ನೀರು ಬಿದ್ರೆ ನಾಯಿನೂ ಜಾಡಿಸ್ತದೆ. ಒಪ್ಪಿಗೆ ಅಂದ್ಕಂಡ್ರೆ ನಮಗೆ ನಿದ್ದೆ ಬರ್ತದೆ, ಅಷ್ಟೇ." ಈ ಮಾತನ್ನು ಮಗನಿಗೂ ಹೇಳಿದ್ದಿರೋ, ಅಥವಾ ನನಗೆ ಮಾತ್ರ...

ನೀವು ತೀರಿಹೋದ ಮೂರನೇ ತಿಂಗಳಿಗೆ ಕೆಲಸ ನಿಮ್ಮ ಮಗ ನಾಗೇಶನಿಗೆ ಬಂತು. ಒಂದು ಬೆಳಿಗ್ಗೆ ನೋಡುತ್ತೇನೆ, ಪರದೆ ಇಲ್ಲ. ಆ ಚಳಿಯಲ್ಲಿ, ಲಾರಿಯಿಂದ ಇಳಿದ ಕುರಿಗಳ ಮೇಲೆ ಪೈಪಿನಿಂದ ನೀರು ಬಿಡುತ್ತಿದ್ದಾನೆ. ಎಲ್ಲವೂ ಜಾಡಿಸಿದವು. "ನೋಡಿ ಡಾಕ್ಟ್ರಮ್ಮ, ಎಲ್ಲಾ ಒಪ್ಪಿದಾವೆ. ಇನ್ನು ಕಾಯೋದು ಎಂತಕ್ಕೆ?" ತಮಾಷೆ ಅಂದುಕೊಂಡೆ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಬೈದೆ, ಬೇಡಿಕೊಂಡೆ. "ಅಪ್ಪನ ಕಾಲ ಬೇರೆ ಮಾರಾಯ್ರೆ," ಎಂದು ನಕ್ಕ. ದ್ಯಾವಣ್ಣನ ಮಗ, ಇವತ್ತಲ್ಲ ನಾಳೆ ಸರಿಹೋಗುತ್ತಾನೆ ಎಂದು ಎರಡು ತಿಂಗಳು ಕಣ್ಣು ಮುಚ್ಚಿ ಸೀಲು ಹೊಡೆದೆ. ಆ ಪಾಪ ನನ್ನದು.

ಹೋದ ತಿಂಗಳು ಒಂದು ಕುರಿ ಜಾಡಿಸಲೇ ಇಲ್ಲ. ಕಾಲೂರಿ ನಿಂತಿತ್ತು. ನಾಗೇಶ ಮತ್ತೆ ನೀರು ಬಿಟ್ಟ, ಕಿವಿಗೆ, ಮೂಗಿಗೆ. ಉಳಿದವು ಗೋಡೆಗೆ ಒತ್ತಿಕೊಂಡು ನೋಡುತ್ತಿದ್ದವು. ಅದು ಉಸಿರು ಕಟ್ಟಿ ಮುಂಗಾಲು ಮಡಿಸಿ ಬಿದ್ದಾಗ ಮೈ ಒಮ್ಮೆ ನಡುಗಿತು. "ಹಾಂ, ಆಯ್ತು," ಎಂದು ಚಾಕು ತೆಗೆದ.

ಅವತ್ತೇ ವರದಿ ಬರೆದೆ. ನಿಮ್ಮ ಮಗನನ್ನು ಕೆಲಸದಿಂದ ತೆಗೆದರು. ದೊಡ್ಡ ಕೆಲಸ ಮಾಡಿದೆ ಎಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಎಂಥ ಪೆದ್ದಿ ನಾನು! ಕಸಾಯಿಖಾನೆಯಲ್ಲಾದರೆ ನೋಡಲು ನಾನಿದ್ದೆ. ಈಗ ಅವನನ್ನು ಹರಕೆಗೆಂದು ಮನೆಮನೆಗೆ ಕರೆಯುತ್ತಿದ್ದಾರೆ. ದ್ಯಾವಣ್ಣನ ಮಗನ ಕೈಯಲ್ಲಿ ಕುರಿ ಬೇಗ ಒಪ್ಪುತ್ತದೆ ಎಂದು ಹೆಸರಾಗಿದೆ. ಹೌದು, ನಿಮ್ಮ ಹೆಸರು ಹೇಳಿಯೇ ಕರೆಯುತ್ತಾರೆ. ಬಲಿ ಕೊಡುತ್ತಿದ್ದಾರೆಂದು ಪೊಲೀಸರಿಗೆ ತಿಳಿಸಿದರೆ ಹರಕೆಯವರು ಇನ್ನೂ ಒಳಗಿನ ಕಾಡಿಗೆ ಹೋಗುತ್ತಾರೆ, ಅಲ್ಲಿ ನೋಡುವವರು ಯಾರು?

ನಿನ್ನೆ ನಾಗೇಶನೇ ಫೋನು ಮಾಡಿದ. "ನಾಳಿದ್ದು ಕೆರೆಕಟ್ಟೇಲಿ ಮೂರು ಕುರಿ. ಊಟಕ್ಕೆ ಬನ್ನಿ ಡಾಕ್ಟ್ರಮ್ಮ." ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬರುತ್ತೇನೆ ಎಂದಿದ್ದೇನೆ ದ್ಯಾವಣ್ಣ. ನಾಳೆ ಬೆಳಕು ಹರಿಯುವ ಹೊತ್ತಿಗೆ ಹೊರಡುತ್ತೇನೆ. ಆ ಅಂಗಳದಲ್ಲಿ ನನ್ನ ಮಾತು ನಡೆಯುವುದಿಲ್ಲ, ಗೊತ್ತು. ನನ್ನ ಪರವಾಗಿ ಒಬ್ಬರೂ ಏಳಲಿಕ್ಕಿಲ್ಲ. ಆದರೂ ನಿಮ್ಮ ಮಗ ಕೈ ಎತ್ತುವ ಹೊತ್ತಿಗೆ, ಕುರಿಗೂ ಅವನಿಗೂ ನಡುವೆ ನಾನು ನಿಂತಿರುತ್ತೇನೆ.