ನಾನು ನುಂಗದ ಗುಳಿಗೆಗೆ ನನ್ನ ನಗು

ರಕ್ತದೊತ್ತಡದ ಹಸಿರು ಗುಳಿಗೆಯನ್ನು ನಮ್ಮ ಮೇಲೆ ಪರೀಕ್ಷಿಸಿದ ತಂಡದ ಮುಖ್ಯಸ್ಥರೇ,

ಮೊದಲು ನನ್ನ ಮುಖವನ್ನು ನನಗೆ ವಾಪಸ್ ಕೊಡಿ, ಉಳಿದದ್ದನ್ನು ಆಮೇಲೆ ಮಾತಾಡೋಣ. ಭಾಲ್ಕಿ ಬಸ್ ನಿಲ್ದಾಣದ ಸುತ್ತಲಿನ ಔಷಧದ ಅಂಗಡಿಗಳಲ್ಲಿ, ಕೆಮ್ಮಿನ ಸಿರಪ್ಪಿಗೂ ಕೂಸುಗಳ ಪೌಡರಿಗೂ ನಡುವೆ ನಾನು ಹಲ್ಲು ಬಿಟ್ಟು ನಗುತ್ತಿದ್ದೇನೆ. ತಲೆಯ ಮೇಲೆ ‘ಔರಾದ ಶಿಕ್ಷಕಿಯ ಬಿ.ಪಿ. ಇಳಿಸಿದ ಹಸಿರು ಗುಳಿಗೆ’ ಎಂದಿದೆ. ಗದ್ದದ ಕೆಳಗೆ ‘ಪರೀಕ್ಷೆಯಲ್ಲಿ ಸಾಬೀತು’ ಎಂದಿದೆ. ಆ ಶಿಕ್ಷಕಿ ನಾನೇ. ನನ್ನ ಬಿ.ಪಿ. ಇಳಿದದ್ದೂ ನಿಜ. ಒಂದೇ ಒಂದು ಸಣ್ಣ ತೊಡಕು: ಆ ಗುಳಿಗೆಯನ್ನು ನಾನು ಒಮ್ಮೆಯೂ ನುಂಗಿಲ್ಲ. ಈ ಸಂಗತಿ ನಿಮಗೆ ಮೊದಲೇ ಗೊತ್ತಿತ್ತೋ, ಗೊತ್ತಿರಲಿಲ್ಲವೋ? ಎರಡರಲ್ಲಿ ಯಾವುದು ನಿಮ್ಮ ಹುದ್ದೆಗೆ ಹೆಚ್ಚು ಶೋಭೆ ತರುತ್ತದೆಂದು ತೀರ್ಮಾನಿಸಲು ನನ್ನ ವಿದ್ಯೆ ಸಾಲದು.

ಈ ಪತ್ರಿಕೆಯ ಓದುಗರಿಗಾಗಿ ಹಿಂದಿನದನ್ನು ಹೇಳಿಬಿಡುತ್ತೇನೆ. ಹೋದ ವರ್ಷ ದಸರಾ ರಜೆ ಮುಗಿಯುತ್ತಿದ್ದಂತೆ ನಿಮ್ಮ ತಂಡ ಬೀದರಿನಿಂದ ಔರಾದಿಗೆ ಬಂದು ಸಮುದಾಯ ಭವನದಲ್ಲಿ ಶಿಬಿರ ಹೂಡಿತು. ನುಗ್ಗೆ ಸೊಪ್ಪು ಮೊದಲಾದ ಎಲೆಗಳ ಪುಡಿ ತುಂಬಿದ ಗುಳಿಗೆ, ಬಿ.ಪಿ. ಸ್ವಲ್ಪವೇ ಏರಿದವರಿಗೆ ಅದು ಉಪಯೋಗವಾಗುತ್ತದೆಯೇ ಎಂದು ನೋಡಬೇಕಿತ್ತು. ಅರ್ಧ ಜನಕ್ಕೆ ನಿಜವಾದದ್ದು, ಇನ್ನರ್ಧ ಜನಕ್ಕೆ ನೋಡಲು ಥೇಟ್ ಅದರಂತೆಯೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿರುವುದಿಲ್ಲ ಎಂದು ತಿಳಿಸಿ ಹೇಳಿದಿರಿ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು, ಒಪ್ಪಿದೆ. ನನ್ನದು ಔಷಧ ಶುರು ಮಾಡುವಷ್ಟು ಹೆಚ್ಚಲ್ಲ, ಸುಮ್ಮನೆ ಬಿಡುವಷ್ಟು ಕಡಿಮೆಯೂ ಅಲ್ಲ ಎಂಬಂಥ ಬಿ.ಪಿ.

ನನ್ನ ಜೊತೆ ನೆರೆಮನೆಯ ಶಾಂತಾಬಾಯಿಯೂ ಬಂದಿದ್ದಳು. ಔರಾದ ಪೇಟೆಯಲ್ಲಿ ಅವಳದು ಬಳೆ ಅಂಗಡಿ. ನನಗಿಂತ ಹಿರಿಯಳು, ನಾನು ಶಾಂತಕ್ಕ ಅನ್ನುತ್ತೇನೆ. ಅವಳ ಬಿ.ಪಿ. ಸಾಕಷ್ಟು ಜಾಸ್ತಿ, ವರ್ಷಗಳಿಂದ ಡಾಕ್ಟರರ ಗುಳಿಗೆ ನಡೆದಿದೆ. ನಿಮ್ಮ ತಂಡದ ನರ್ಸ್ ವಹೀದಾ ಅವಳ ತೋಳಿನ ಪಟ್ಟಿ ಬಿಚ್ಚುತ್ತ, “ಅಕ್ಕಾ, ಇದು ನಿಮಗಲ್ಲ ರಿ. ನಿಮ್ಮ ಗುಳಿಗಿ ನೀವು ಬಿಡಬ್ಯಾಡ್ರಿ” ಎಂದಳು.

ಶಾಂತಕ್ಕನಿಗೆ ಅವಮಾನವಾಯಿತು. “ಇಕಿಗಿ ಜರಾ ಅದ ಅಂತ ಒಳಗ ಕರೀತೀರಿ, ನನಗ ಭಾಳ ಅದ ಅಂತ ಹೊರಗ ಹಾಕ್ತೀರಿ? ಇದ್ಯಾವ ನ್ಯಾಯ ರಿ?”

ಪರೀಕ್ಷೆ ನಡೆಯಿತು. ಹದಿನೈದು ದಿನಕ್ಕೊಮ್ಮೆ ಭವನಕ್ಕೆ ಹೋಗುತ್ತಿದ್ದೆ. ವಹೀದಾ ಬಿ.ಪಿ. ನೋಡುವ ಮೊದಲು ಕೂರಿಸಿ, ಉಸಿರು ಸಮ ಆಗಲು ಬಿಟ್ಟು, “ನಿದ್ದಿ ಚಲೋ ಆಗ್ಲತ್ತದೇನ್ರಿ ಟೀಚರ್? ಮನ್ಯಾಗ ಎಲ್ಲ ಆರಾಮ?” ಎಂದು ಕೇಳುತ್ತಿದ್ದಳು. ನನ್ನ ಮನೆಯಲ್ಲಿ ನನ್ನ ನಿದ್ದೆಯ ಬಗ್ಗೆ ಯಾರೂ ಹೀಗೆ ವಿಚಾರಿಸಿದ್ದಿಲ್ಲ. ಮುಂದಿನ ಸಲ ಅವಳಿಗೆ ಏನು ಉತ್ತರ ಕೊಡಲಿ ಎಂಬ ಸಂಕೋಚಕ್ಕೇ ಹುಣಸೆ ತೊಕ್ಕು ಬಿಟ್ಟೆ, ಹಪ್ಪಳ ಕಡಿಮೆ ಮಾಡಿದೆ, ಶಾಲೆಗೆ ನಡೆದೇ ಹೋಗತೊಡಗಿದೆ. ಬಿ.ಪಿ. ಇಳಿಯಿತು. ಕೊನೆಯ ದಿನ ನಿಮ್ಮವರು ಎಲ್ಲರ ಫೋಟೋ ತೆಗೆದರು. ಯಾಕೆ ಎಂದದ್ದಕ್ಕೆ “ನೆನಪಿಗೆ ರಿ” ಎಂದರು. ಫಲಿತಾಂಶವನ್ನು ಔರಾದಿಗೇ ಬಂದು ಕನ್ನಡದಲ್ಲಿ ಹೇಳುತ್ತೇವೆ ಎಂದೂ ಮಾತು ಕೊಟ್ಟರು. ಅಲ್ಲಿಂದ ಮುಂದೆ ನಿಮ್ಮ ಸದ್ದಿಲ್ಲ. ದೊಡ್ಡ ಸಂಶೋಧನೆಗಳು ಮೌನದಲ್ಲೇ ಮಾಗುತ್ತವೆ ಎಂದು ನಾನೂ ಸುಮ್ಮನಿದ್ದೆ.

ಆದರೆ ನಿಮ್ಮ ಗುಳಿಗೆ ತಯಾರಿಸುವ ಕಂಪನಿ ಸುಮ್ಮನಿರಲಿಲ್ಲ. ಶಾಂತಕ್ಕ ಭಾಲ್ಕಿಯ ಮಗಳ ಮನೆಗೆ ಹೋದವಳು ಅಂಗಡಿಯಲ್ಲಿ ನನ್ನ ನಗು ಕಂಡಳು. ಡಬ್ಬಿಗಳನ್ನು ಚೀಲದ ತುಂಬ ತಂದಳು. ಶಿಬಿರದಲ್ಲಿ ತನ್ನನ್ನು ಹೊರಗಿಟ್ಟ ಸಿಟ್ಟು ಇನ್ನೂ ಇತ್ತಲ್ಲ, ನನಗೆ ಒಂದು ಮಾತೂ ಹೇಳದೆ ಡಾಕ್ಟರರ ಗುಳಿಗೆ ನಿಲ್ಲಿಸಿ ಹಸಿರು ಗುಳಿಗೆ ಶುರು ಮಾಡಿದಳು. ಬಿ.ಪಿ. ಇಳಿಸಿಕೊಂಡ ಮೇಲೆ ಬಂದು ನನ್ನ ಮುಂದೆ ಮೆರೆಯುವ ಯೋಚನೆ.

ಒಂದು ಬೆಳಿಗ್ಗೆ ಮದುಮಗಳೊಬ್ಬಳಿಗೆ ಬಳೆ ಇಡಿಸುತ್ತಿದ್ದಾಗ ಶಾಂತಕ್ಕನ ಕೈಯಿಂದ ಬಳೆ ಜಾರಿದವು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಅವಳ ಮಗ ಸಿದ್ದೇಶ್ವರ ಜೀಪು ತಂದ. ಬೀದರ ಮುಟ್ಟುವವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸಂತಪುರ ದಾಟಿದ ಮೇಲೆ ಅವಳ ಮಾತು ತೊದಲಿತು. ಆಗ ನನಗೆ ಆದ ಹೆದರಿಕೆಯನ್ನು ನಿಮ್ಮ ಯಂತ್ರ ಅಳೆದಿದ್ದರೆ ನನ್ನನ್ನೂ ಪಕ್ಕದ ಮಂಚದಲ್ಲೇ ಮಲಗಿಸುತ್ತಿದ್ದರು.

ದವಾಖಾನೆಯಲ್ಲಿ ಬಿ.ಪಿ. ವಿಪರೀತ ಏರಿ ಲಕ್ವಾ ಹೊಡೆದಿದೆ ಎಂದರು. ಯಾವ ಔಷಧ ತೊಗೊಳ್ತೀರಿ ಎಂದು ಡಾಕ್ಟರು ಕೇಳಿದಾಗ ಶಾಂತಕ್ಕ ನನ್ನತ್ತ ಬೆರಳು ತೋರಿಸಿದಳು. ನಾನು ಕಕ್ಕಾಬಿಕ್ಕಿಯಾದೆ. ಸಿದ್ದೇಶ್ವರ ಜೀಪಿನಲ್ಲಿದ್ದ ಚೀಲದಿಂದ ಡಬ್ಬಿ ತಂದು ತೋರಿಸಿದ. ಡಬ್ಬಿಯ ಮೇಲೂ ನಾನೇ.

ಮರುದಿನ ಅವಳಿಗೆ ಮಾತು ಸ್ವಚ್ಛ ಬಂತು. “ಶಾಂತಕ್ಕಾ, ನನಗೊಂದ್ ಮಾತು ಕೇಳಬಾರದಿತ್ತಾ?” ಎಂದೆ.

“ಏನ್ ಕೇಳೋದದ? ಫೋಟೋದಾಗ ಅಷ್ಟ್ ಚಂದ ನಗ್ಲತ್ತಿದಿ. ನೀ ಸುಳ್ಳ ಹೇಳಾಕಿ ಅಲ್ಲ ಅಂತ ನಂಬಿದೆ.”

ಮುಖ್ಯಸ್ಥರೇ, ನಿಮ್ಮ ಪೋಸ್ಟರಿನಲ್ಲಿ ಈ ಮಾತಿಗೂ ಒಂದಿಷ್ಟು ಜಾಗ ಇದೆಯೇ?

ಅವಳು ಉಳಿದಳು. ಎಡಗೈ ಬೆರಳುಗಳಲ್ಲಿ ಮಾತ್ರ ಇನ್ನೂ ಬಲ ಬಂದಿಲ್ಲ. ಬಳೆ ಇಡಿಸಲು ಎರಡೂ ಕೈ ಬೇಕು. ಈಗ ಸೊಸೆ ಇಡಿಸುತ್ತಾಳೆ, ಶಾಂತಕ್ಕ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾಳೆ.

ಅವಳು ಮನೆಗೆ ಮರಳಿದ ವಾರ ನಾನು ನಿಮ್ಮ ಕಚೇರಿಗೆ ಬಂದೆ. ನನಗೆ ಕೊಟ್ಟದ್ದು ಯಾವ ಗುಳಿಗೆ ಎಂದು ಕೇಳಿದೆ. ನಿಮ್ಮ ಎಳೆಯ ಡಾಕ್ಟರು ಯಾರಿಗೋ ಫೋನು ಮಾಡಿ, ಕಿವಿ ಕೆಂಪಗೆ ಮಾಡಿಕೊಂಡು, “ಮೇಡಂ, ನಿಮಗ ಬಂದಿದ್ದು ಖಾಲಿ ಗುಳಿಗಿ ರಿ. ಬರೀ ಮೆಕ್ಕಿಜೋಳದ ಹಿಟ್ಟು” ಎಂದರು. ನಗು ಬಂದುಬಿಟ್ಟಿತು, ತಡೆಯಲಾಗಲಿಲ್ಲ. ಪಾಪ, ಅವರೇ ನೀರು ತಂದುಕೊಟ್ಟರು. ಆಮೇಲೆ ನಿಮ್ಮ ಕೋಣೆಗೆ ಕಳಿಸಿದರು. ನಿಮಗೆ ನೆನಪಿರಬಹುದು. “ಜಾಹೀರಾತು ಕಂಪನಿಯದು, ಅದಕ್ಕೂ ನಮಗೂ ಸಂಬಂಧವಿಲ್ಲ. ಫೋಟೋ ಮಾತ್ರ ನಾವು ಕೊಟ್ಟದ್ದು” ಎಂದಿರಿ. ಫಲಿತಾಂಶ ಏನಾಯಿತು ಎಂದಾಗ, “ಇನ್ನೂ ವಿಶ್ಲೇಷಣೆ ನಡೆದಿದೆ, ವಿಜ್ಞಾನಕ್ಕೆ ತಾಳ್ಮೆ ಬೇಕು ಮೇಡಂ” ಎಂದಿರಿ. ವಿಜ್ಞಾನಕ್ಕೆ ಬೇಕಾದ ತಾಳ್ಮೆ ಪೋಸ್ಟರಿಗೆ ಬೇಡವೇ? ಉತ್ತರ ಪತ್ರಿಕೆ ತಿದ್ದಿ ಮುಗಿಸುವ ಮೊದಲೇ ಮೊದಲ ರ‍್ಯಾಂಕಿನ ಮೆರವಣಿಗೆ ಹೊರಡಿಸಿದ ಶಾಲೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಿಮ್ಮಿಂದ ಆಗದ ಮೇಲೆ ಭಾಲ್ಕಿಗೆ ನಾನೇ ಹೋದೆ. ಮೊದಲ ಅಂಗಡಿಯ ಕುತುಬೋದ್ದೀನ ಸಾಹೇಬರು ನನ್ನನ್ನೂ ಪೋಸ್ಟರನ್ನೂ ಮೂರ‍್ನಾಲ್ಕು ಬಾರಿ ತಿರುಗಿ ತಿರುಗಿ ನೋಡಿದರು. “ಬಾಯಿ, ಇದು ನೀವೇ ಏನ್ರಿ? ಫೋಟೋದಾಗ ಬಿ.ಪಿ. ಕಡಿಮಿ ಕಾಣ್ತದ, ಈಗ ಜಾಸ್ತಿ ಆದಂಗ ಅದ ನೋಡ್ರಿ.” ಶಾಂತಕ್ಕನ ವಿಷಯ ಹೇಳಿದೆ. ಅವರ ತಮಾಷೆ ಅಲ್ಲಿಗೇ ನಿಂತಿತು. ಸ್ಟೂಲು ಹತ್ತಿ ಪೋಸ್ಟರ್ ಬಿಡಿಸಿ, ಸುರುಳಿ ಸುತ್ತಿ ನನ್ನ ಕೈಗಿತ್ತರು. “ನನ್ನ ಗಿರಾಕಿಗಳಿಗಿ ನಾ ಹೇಳ್ತೇನಿ ರಿ. ಬಾಕಿ ಅಂಗಡಿಯವರ ಮಾತು ನನಗ ಗೊತ್ತಿಲ್ಲ.” ಬಾಕಿ ಅಂಗಡಿಯವರು ಕಂಪನಿಯವರನ್ನು ಕೇಳಿ ಎಂದರು, ಕಂಪನಿಯವರು ನಿಮ್ಮನ್ನು ಕೇಳಿ ಎನ್ನುತ್ತಿದ್ದಾರೆ. ಆದ್ದರಿಂದ ಪತ್ರಿಕೆಯ ಮೂಲಕ ನಿಮ್ಮನ್ನೇ ಕೇಳುತ್ತಿದ್ದೇನೆ.

ನಾನು ಎಲೆ ಸೊಪ್ಪಿನ ವೈರಿಯಲ್ಲ, ಪರೀಕ್ಷೆಯ ವೈರಿಯೂ ಅಲ್ಲ. ನಿಮ್ಮ ಗುಳಿಗೆ ಒಳ್ಳೆಯದೇ ಇರಬಹುದು. ಅದನ್ನು ತಿಳಿಯಲೆಂದೇ ನಾವು ಊರಿನ ಇಷ್ಟು ಜನ ತೋಳು ಚಾಚಿ ಕೂತೆವು. ಖಾಲಿ ಗುಳಿಗೆ ನುಂಗಿದ್ದಕ್ಕೂ ನನಗೆ ಬೇಸರವಿಲ್ಲ. ಹೋಲಿಸಿ ನೋಡಲು ಯಾರಾದರೂ ಅದನ್ನು ನುಂಗಲೇಬೇಕು. ನನ್ನ ಹಿಟ್ಟಿನ ಗುಳಿಗೆ ನಿಮ್ಮ ವಿಜ್ಞಾನಕ್ಕೆ ನಿಜ ಹೇಳಿತು. ಅದರ ಮೇಲೆ ಸುಳ್ಳು ಬರೆಸಿದವರು ಯಾರು?

ಪೋಸ್ಟರುಗಳನ್ನು ಇಳಿಸಿ, ಡಬ್ಬಿಗಳನ್ನು ವಾಪಸ್ ತರಿಸಿ. ಬರುವ ಸಂತೆಯ ದಿನ ಔರಾದಿನ ಅದೇ ಭವನಕ್ಕೆ ನೀವೇ ಬನ್ನಿ. ಮುಂದಿನ ಸಾಲಿನಲ್ಲಿ ಶಾಂತಕ್ಕ ಕೂತಿರುತ್ತಾಳೆ. ಅವಳು ಕೇಳುವುದು ಒಂದೇ ಪ್ರಶ್ನೆ: “ಈ ಗುಳಿಗಿಲಿಂದ ಬಿ.ಪಿ. ಇಳಿತದೋ ಇಲ್ಲೋ ರಿ?” ಹೌದಾದರೆ ಹೌದು ಎನ್ನಿ, ಇಲ್ಲವಾದರೆ ಇಲ್ಲ ಎನ್ನಿ. ಇನ್ನೂ ಗೊತ್ತಿಲ್ಲದಿದ್ದರೆ ಅವಳ ಎಡಗೈಯನ್ನು ನೋಡುತ್ತ ಗೊತ್ತಿಲ್ಲ ಎನ್ನಿ. ನನ್ನ ತರಗತಿಯಲ್ಲಿ ಎದ್ದು ನಿಂತು ಗೊತ್ತಿಲ್ಲ ಎಂದ ಯಾವ ಮಗುವನ್ನೂ ನಾನು ಗದರಿದವಳಲ್ಲ.

ಇಂತಿ,
ಉತ್ತರಕ್ಕಾಗಿ ಕಾಯುವುದನ್ನೇ ಉದ್ಯೋಗ ಮಾಡಿಕೊಂಡಿರುವ,
ಆಮ್ರಪಾಲಿ
ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಔರಾದ